ನಮ್ಮ ಮತಗಟ್ಟೆಯ ಆ ಒಂದು ಮತ

ಜಿಲ್ಲೆಯ ಮತಗಳನ್ನೆಲ್ಲ ಎಣಿಸಿದ ಅಧಿಕಾರಿಗಳಿಗೆ,

ಮಾನ್ಯರೇ, ನಿಮ್ಮ ಲೆಕ್ಕದಲ್ಲಿ ತಪ್ಪಿಲ್ಲ. ನನ್ನ ತಕರಾರು ಇರುವುದೇ ಅಲ್ಲಿ. ನಮ್ಮೂರಿನ ಮತಗಟ್ಟೆಯಲ್ಲಿ ಈ ಕಡೆಗೆ ಇನ್ನೂರ ಹನ್ನೆರಡು ಮತ, ಆ ಕಡೆಗೆ ಒಂದೇ ಒಂದು ಎಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಊರಿನ ಕಚೇರಿಯ ಗೋಡೆಗೆ ಅಂಟಿಸಿದಿರಿ. ಅಂದಿನಿಂದ ಊರಿಗೆ ಊರೇ ಆ ಒಂದರ ಬೆನ್ನು ಹತ್ತಿದೆ.

ನಮ್ಮ ಜಿಲ್ಲೆ ತಲೆತಲಾಂತರದಿಂದ ಈ ಕಡೆಯದು ಎಂದು ನಿಮ್ಮ ವರದಿಗಳಲ್ಲೇ ಇದೆಯಂತೆ. ಇರಲಿ. ಇಲ್ಲಿ ಬಾಡಿಗೆಗೆ ಮನೆ ಕೇಳಿ ಬಂದವನನ್ನೂ ಮೊದಲು "ಯಾವ ಕಡೆಯವ್ರು?" ಎಂದೇ ವಿಚಾರಿಸುತ್ತಾರೆ. "ಸ್ಟೇಷನ್ ಕಡೆಯವನು" ಎಂದು ಮುಗ್ಧವಾಗಿ ಉತ್ತರಿಸಿ ಮನೆ ಸಿಗದೆ ಹೋದವರಿದ್ದಾರೆ. ಆ ಕಡೆಯ ಅಭ್ಯರ್ಥಿ ನಮ್ಮೂರಿಗೆ ಬರುವುದಿಲ್ಲ, ಬಂದರೂ ದಂಡ ಎಂದು. ಈ ಕಡೆಯವರೂ ಬರುವುದಿಲ್ಲ, ಬಾರದಿದ್ದರೂ ಮತ ಬೀಳುತ್ತದೆ ಎಂದು. ಹೀಗಾಗಿ ನಮ್ಮ ರಸ್ತೆ ಎರಡೂ ಕಡೆಯವರ ಕಾಲು ತಗಲದೆ, ಹೊಂಡಗಳ ಸಮೇತ ಭದ್ರವಾಗಿದೆ. ಇದನ್ನೇ ಅಲ್ಲವೇ ನೀವು 'ಸ್ಥಿರವಾದ ರಾಜಕೀಯ ಒಲವು' ಎನ್ನುವುದು?

ಅನುಮಾನ ಬಿದ್ದದ್ದು ನಮ್ಮ ಮನೆಯ ಮೇಲೆ. ನಾನೂ ನನ್ನ ಅತ್ತೆಯೂ ಹಿಟ್ಟಿನ ಗಿರಣಿ ನಡೆಸುತ್ತೇವೆ. ಫಲಿತಾಂಶದ ದಿನ ಗೆದ್ದವರ ಮೆರವಣಿಗೆ ಬಾಗಿಲ ಮುಂದೆ ಹಾದುಹೋದಾಗ ನಾವು ಗಿರಣಿ ನಿಲ್ಲಿಸಲಿಲ್ಲ, ಹೊರಗೆ ಬಂದು ಕೈ ಬೀಸಲಿಲ್ಲ. ಅದರ ಹಿಂದೆ ಯಾವ ಸಿದ್ಧಾಂತವೂ ಇರಲಿಲ್ಲ ಸ್ವಾಮಿ, ಬೆಲ್ಟಿನ ಸದ್ದಿತ್ತು. ಮೋಟಾರು ತಿರುಗುವಾಗ ಪಕ್ಕದಲ್ಲೇ ಸಿಡಿಲು ಬಡಿದರೂ ನಮಗೆ ಕೇಳುವುದಿಲ್ಲ. ಆದರೆ ಒಂದೇ ವಾರದಲ್ಲಿ ಕಾಳಿನ ಡಬ್ಬಗಳು ಬರುವುದು ನಿಂತಿತು. ಈಗ ಜನ ನಮ್ಮ ಕಣ್ಣೆದುರೇ ಡಬ್ಬವನ್ನು ಸೈಕಲ್ಲಿಗೆ ಕಟ್ಟಿಕೊಂಡು ಪಕ್ಕದೂರಿನ ಗಿರಣಿಗೆ ಹೋಗುತ್ತಾರೆ. ಅಲ್ಲಿಯ ಹಿಟ್ಟು ತರಿತರಿ, ಮರಳು ಬೇರೆ. ಹಲ್ಲು ಕಚ್ಚಿಕೊಂಡು ತಿನ್ನುತ್ತಿದ್ದಾರೆ. ನಿಷ್ಠೆ ಎಂದರೆ ಹಾಗಿರಬೇಕು!

ನಿಮ್ಮ ಕಚೇರಿಗೆ ಬಂದು ಹೇಳಿಕೊಂಡೆ. ಮೇಜಿನ ಹಿಂದಿದ್ದವರು ನಕ್ಕರು. "ಅಲ್ಲಮ್ಮಾ, ಅದ್ರಲ್ಲಿ ಯಾರ ಹೆಸ್ರಾದ್ರೂ ಬರ್ದಿದೀವಾ? ಬರೀ ಲೆಕ್ಕ ಅಷ್ಟೇ ತಾನೆ?" ನಿಜ, ಹೆಸರು ನೀವು ಬರೆದಿಲ್ಲ. ಊರಿನವರು ಬರೆದುಕೊಳ್ಳಲಿ ಎಂದು ಜಾಗ ಬಿಟ್ಟಿದ್ದೀರಿ. ಮತ ಹಾಕುವಾಗ ಸುತ್ತ ರಟ್ಟಿನ ಮರೆ ನಿಲ್ಲಿಸುತ್ತೀರಿ, ಕಟ್ಟಿಕೊಂಡ ಗಂಡ ಇಣುಕಿದರೂ ಗದರಿಸುತ್ತೀರಿ. ಆಮೇಲೆ ನೀವೇ ಆ ಗುಟ್ಟನ್ನು ಗೋಡೆಗೆ ಅಂಟಿಸುವುದಾದರೆ ಆ ರಟ್ಟು ಯಾವ ಪುರುಷಾರ್ಥಕ್ಕೆ?

ಮೊನ್ನೆ ಊರಿನ ಹಿರಿಯರೊಬ್ಬರು ನಾಲ್ಕು ಜನರನ್ನು ಕಟ್ಟಿಕೊಂಡು ಗಿರಣಿಗೇ ಬಂದರು. ಕೆಟ್ಟ ಮನುಷ್ಯರೇನಲ್ಲ, ನನ್ನನ್ನು ಉಳಿಸಲೆಂದೇ ಬಂದಿದ್ದರು.

"ನೋಡಮ್ಮಾ, ನಾನಲ್ಲ ಅಂತ ಒಂದ್ ಮಾತು ಹೇಳ್ಬಿಡು. ನಾಳೆಯಿಂದ ಎಲ್ರೂ ಇಲ್ಲಿಗೇ ಬರ್ತಾರೆ."

ಒಂದೇ ಮಾತು. ಗಿರಣಿ ಮತ್ತೆ ತಿರುಗುತ್ತಿತ್ತು, ಮನೆ ನಡೆಯುತ್ತಿತ್ತು. ಬಾಯಿ ತೆರೆದೂ ಬಿಟ್ಟಿದ್ದೆ. ಆದರೆ ನಾನಲ್ಲ ಎಂದರೆ ಇವರು ಇಲ್ಲಿಂದ ನೇರವಾಗಿ ಇನ್ನೊಂದು ಬಾಗಿಲಿಗೆ ಹೋಗುತ್ತಾರೆ. ಆ ಬಾಗಿಲು ಯಾರದೆಂದು ನನಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ.

"ಹೇಳಲ್ಲ," ಎಂದೆ. "ನಾನು ಅಂತಾನೂ ಹೇಳಲ್ಲ, ನಾನಲ್ಲ ಅಂತಾನೂ ಹೇಳಲ್ಲ."

ಅತ್ತೆ ಜರಡಿ ಕೆಳಗಿಟ್ಟು ಎದ್ದರು. ನಾನು ಈ ಮನೆಗೆ ಬಂದಾಗಿನಿಂದ ನನ್ನ ಒಂದು ಕೆಲಸವನ್ನೂ ಮೆಚ್ಚಿದವರಲ್ಲ ಅವರು. "ಅವಳನ್ನೇನ್ ಕೇಳ್ತೀರಿ? ಆ ಓಟು ನಂದು. ಏನೀಗ?" ಎಂದು ಮೋಟಾರಿನ ಸದ್ದನ್ನು ಮೀರಿಸಿ ಪಳಗಿದ ಗಂಟಲಲ್ಲಿ ಕೇಳಿದರು. ಬೀದಿಯ ಆ ತುದಿಗೂ ಕೇಳಿಸಿರಬೇಕು. ಹಿರಿಯರು ಚಪ್ಪಲಿ ಹುಡುಕತೊಡಗಿದರು.

ಅವರೆಲ್ಲ ಹೋದ ಮೇಲೆ ನಾನು ಅತ್ತೆಯನ್ನು ಏನೂ ಕೇಳಲಿಲ್ಲ. ಅವರೂ ನನ್ನನ್ನು ಕೇಳಲಿಲ್ಲ. "ಬೆಲ್ಟು ಸಡಿಲ ಆಗಿದೆ, ಬಿಗಿ ಮಾಡು," ಎಂದಷ್ಟೇ ಹೇಳಿ ಜರಡಿ ಎತ್ತಿಕೊಂಡರು. ನನಗೆ ಅಳು ಬಂತು. ಮಾನ್ಯರೇ, ನೀವು ರಟ್ಟು ಕಟ್ಟಿಯೂ ಕಾಯಲಾಗದ ಗುಟ್ಟನ್ನು ಒಂದೇ ಮನೆಯಲ್ಲಿರುವ ಅತ್ತೆ ಸೊಸೆ ಕಾಯ್ದುಕೊಂಡಿದ್ದೇವೆ.

ಆದ್ದರಿಂದ ಕೇಳುತ್ತಿದ್ದೇನೆ, ಬೇಡುತ್ತಿಲ್ಲ. ಮುಂದಿನ ಸಲ ನಮ್ಮ ಮತಗಳನ್ನು ಸುತ್ತಲಿನ ಊರುಗಳ ಮತಗಳೊಂದಿಗೆ ಬೆರೆಸಿ ಎಣಿಸಿ. ಒಮ್ಮೆ ಬೆರೆತ ಹಿಟ್ಟಿನಲ್ಲಿ ಯಾರ ಮನೆಯ ಕಾಳು ಎಷ್ಟು ಎಂದು ಹೇಳುವುದು ನನ್ನಿಂದಲೂ ಆಗದು. ಗೋಡೆಯ ಮೇಲಿನ ಆ ಹಾಳೆಯನ್ನು ಇಂದೇ ಕಿತ್ತುಹಾಕಿಸಿ. ನೀವು ಕೀಳಿಸದಿದ್ದರೆ ನಾನೇ ಹಾಡಹಗಲಲ್ಲಿ ಬಂದು, ಹಿಟ್ಟು ಮೆತ್ತಿದ ಇದೇ ಕೈಯಲ್ಲಿ ಕೀಳುತ್ತೇನೆ. ಯಾರು ಕಿತ್ತರು ಎಂದು ಆಗ ಊರು ಹುಡುಕಾಡಬೇಕಾಗಿಲ್ಲ.

ಇಂತಿ,
ಆ ಒಂದು ಮತ ಹಾಕಿರಬಹುದಾದ ಇನ್ನೂರ ಹದಿಮೂರು ಜನರಲ್ಲಿ ಒಬ್ಬಳು
(ಗಿರಣಿ ತೆರೆದೇ ಇದೆ.)