ಡಾಕ್ಟರಿಗೆ ಎಂಜಲು

ಮನೆಯಿಂದ
ಜೂನ್ ೧೧, ಮಂಗಳವಾರ

ಪ್ರೀತಿಯ ಪುಟ್ಟಿಯ ಅಪ್ಪನಿಗೆ,

ಹೇಗಿದ್ದೀರಿ? ವೆಲ್ಡಿಂಗ್ ಮಾಡುವಾಗ ಸುಟ್ಟುಕೊಂಡ ಕೈ ವಾಸಿಯಾಯಿತೇ? ಗ್ಲೌಸ್ ಹಾಕಿಕೊಳ್ಳಿ ಎಂದರೆ ಕಿವಿಗೆ ಹಾಕಿಕೊಳ್ಳುವವರು ನೀವಲ್ಲ. ನಾವು ಚೆನ್ನಾಗಿದ್ದೇವೆ. ಹಾಗೆ ಬರೆದು ಅಭ್ಯಾಸವಾಗಿಬಿಟ್ಟಿದೆ. ನಿಜ ಹೇಳಬೇಕೆಂದರೆ ನನಗೆ ಈಚೆಗೆ ಏನೂ ಅನಿಸುವುದೇ ಇಲ್ಲ. ಬೆಳಿಗ್ಗೆ ಎದ್ದು ಒಲೆಯ ಮೇಲೆ ಹಾಲಿಡುತ್ತೇನೆ, ಮಗಳಿಗೆ ಇನ್ಸುಲಿನ್ ಚುಚ್ಚುತ್ತೇನೆ. ಎರಡೂ ಒಂದೇ ಥರ.

ಪುಟ್ಟಿಗೆ ಸಕ್ಕರೆ ಕಾಯಿಲೆಯ ಜೊತೆಗೆ ಇನ್ನೊಂದು ಹಾರ್ಮೋನೂ ಕಡಿಮೆಯಿರಬಹುದು, ಅದಕ್ಕೇ ಸಕ್ಕರೆ ಪದೇ ಪದೇ ಕುಸಿಯುತ್ತಿದೆ ಎಂದು ಡಾಕ್ಟರಿಗೆ ಅನುಮಾನ. ರಕ್ತ ತೆಗೆಯಲು ಹೋದರೆ ಮಕ್ಕಳು ಹೆದರುತ್ತಾರೆ, ಹೆದರಿದರೆ ಆ ಹಾರ್ಮೋನು ಏರಿ ಲೆಕ್ಕ ತಪ್ಪುತ್ತದಂತೆ. ಹಾಗಾಗಿ ಎದ್ದ ಕೂಡಲೇ, ಹಲ್ಲುಜ್ಜದೆ, ಒಂದು ಕೊಳವೆಯಲ್ಲಿ ಜೊಲ್ಲು ಹಿಡಿದು ತನ್ನಿ ಎಂದರು. ಸೂಜಿ ಇಲ್ಲ ಎಂದು ಕೇಳಿ ನಿಮ್ಮ ಮಗಳು ಆಸ್ಪತ್ರೆಯ ಮೆಟ್ಟಿಲ ಮೇಲೇ ಕುಣಿದಳು.

ಇವತ್ತು ಬೆಳಿಗ್ಗೆ ಕೊಳವೆ ತುಂಬಿಸಿ ತಾನೇ ಹಿಡಿದುಕೊಂಡು ಬಂದಳು. ಲ್ಯಾಬಿನ ನರ್ಸಮ್ಮ ಬೆಳಕಿಗೆ ಹಿಡಿದು ನೋಡಿದರೆ ಗುಲಾಬಿ ಬಣ್ಣ. ನಾನು ಏಳುವ ಮೊದಲೇ ಎದ್ದು, ವಸಡಿನಲ್ಲಿ ರಕ್ತ ಬರುವಷ್ಟು ತಿಕ್ಕಿ ಹಲ್ಲುಜ್ಜಿದ್ದಾಳೆ. ಯಾಕೆ ಎಂದು ಕೇಳಿದರೆ, "ಡಾಕ್ಟ್ರಿಗೆ ಎಂಜಲು ಕೊಡ್ತಾರಾ ಅಮ್ಮಾ? ತೊಳ್ಕೊಂಡು ಕೊಟ್ಟೆ" ಅನ್ನಬೇಕೇ! ಲೋಟ ಕಚ್ಚಿ ಕುಡಿದಾಗಲೆಲ್ಲ ಎಂಜಲು ಎಂಜಲು ಎಂದು ನಾನು ಗದರುತ್ತಿದ್ದೆನಲ್ಲ, ಅದರ ಫಲ. ರಕ್ತ ಬೆರೆತ ಜೊಲ್ಲು ನಡೆಯುವುದಿಲ್ಲವಂತೆ. ಇನ್ನು ಕಾಯುವುದು ಬೇಡ ಎಂದು ಡಾಕ್ಟರ್ ರಕ್ತ ತೆಗೆಯಲು ಸೂಜಿಯನ್ನೇ ತರಿಸಿದರು. ನರ್ಸಮ್ಮನಿಗೆ ನಗು. ನನಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ. ಗೋಡೆಗೆ ತೂಗುಹಾಕಿದ್ದ ಕಣ್ಣು ಪರೀಕ್ಷೆಯ ಅಕ್ಷರಗಳನ್ನು ಓದುತ್ತಾ ನಿಂತಿದ್ದೆ.

ರಿಪೋರ್ಟ್ ನಾಳೆ ಬರುತ್ತದೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ಜೊತೆಯವರಿಗೆಲ್ಲ ನನ್ನ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ,
ಪುಟ್ಟಿಯ ಅಮ್ಮ

ಹೇಳುವುದನ್ನೇ ಮರೆತೆ: ಸೂಜಿ ಚುಚ್ಚುವಾಗ ಅದುಮಿ ಹಿಡಿಯುತ್ತಿದ್ದ ನಿಮ್ಮ ಕೈ ಕಂಡರೇ ಮಗು ಹೆದರುತ್ತದೆ ಎಂದುಕೊಂಡು ತಾನೇ ನೀವು ಅಷ್ಟು ದೂರದ ಕೆಲಸ ಒಪ್ಪಿಕೊಂಡದ್ದು? ಇವತ್ತು ನರ್ಸಮ್ಮ ಹಿಡಿದುಕೊಳ್ಳಲು ಬಂದರೆ ಪುಟ್ಟಿ ಬೇಡ ಎಂದಳು. ತನ್ನ ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡು, ನಿಮ್ಮ ಹಾಗೆಯೇ ಹೆಬ್ಬೆರಳಲ್ಲಿ ಸವರಿಕೊಳ್ಳುತ್ತಾ, "ನಮ್ಮಪ್ಪ ಹೀಗೆ ಹಿಡ್ಕೊಂಡ್ರೆ ನೋಯಲ್ಲ" ಎಂದಳು. ಬಂದುಬಿಡಿ.