ನಿನ್ನ ಫೋನಿಗೆ ಬರುವ ಓಟಿಪಿ

ವಿಜಯಪುರ, ದೇವನಹಳ್ಳಿ ತಾಲ್ಲೂಕು
೧೪ ನವೆಂಬರ್ ೨೦೨೫

ನನ್ನ ಕಂದ ಪ್ರಮೋದಾ,

ಹೇಗಿದ್ದೀಯಮ್ಮಾ? ಅಳಿಯಂದಿರು ಹರಿಪ್ರಸಾದ್ ಅವರ ಬೆನ್ನುನೋವು ಇಳಿಯಿತಾ? ಕೀರ್ತನಳ ಕೆಮ್ಮು? ಬೀದರಿನ ಚಳಿಗೆ ಅವಳ ಕಿವಿಗೆ ಬಟ್ಟೆ ಕಟ್ಟಿ ಕಳಿಸು, ಸ್ಕೂಲಿನಲ್ಲಿ ನಗುತ್ತಾರೆ ಅಂದರೆ ನಗಲಿ. ಊರವರ ಕಾಯಿಲೆಯನ್ನೆಲ್ಲ ನೋಡುವ ನನ್ನ ನರ್ಸಮ್ಮ ಮಗಳು ತಾನು ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೋ ಇಲ್ಲವೋ, ಕೇಳುವವರು ಯಾರು? ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ನಿನ್ನ ಒಂದನೇ ಕ್ಲಾಸಿನ ಸ್ಲೇಟಿನ ಮೇಲೆ ನಿನ್ನ ಜೊತೆಗೇ ಅಕ್ಷರ ತಿದ್ದಿದವಳು ನಾನು, ಈ ಕಾಗದದಲ್ಲಿ ತಪ್ಪಿದ್ದರೆ ನಿನ್ನ ಟೀಚರನ್ನು ಬೈಯಿ.

ಪಿಂಚಣಿಯ ಆನ್‌ಲೈನ್ ಖಾತೆಯಲ್ಲಿ ನಿನ್ನ ನಂಬರು ತೆಗೆಸಿ ನನ್ನದೇ ಹಾಕಿಸು ಎಂದಿದ್ದೆಯಲ್ಲ, ಅದಕ್ಕೇ ಮೊನ್ನೆ ಬಸ್‌ಸ್ಟ್ಯಾಂಡ್ ಪಕ್ಕದ ಸೇವಾ ಕೇಂದ್ರಕ್ಕೆ ಹೋಗಿದ್ದೆ. ನಿಮ್ಮಪ್ಪ ತೀರಿಕೊಂಡಾಗ ನೀನೇ ಕೂತು ಆ ಖಾತೆ ತೆರೆದೆ. ಆಗ ನನ್ನ ಹತ್ತಿರ ಫೋನಿರಲಿಲ್ಲ, ನಿನ್ನ ನಂಬರನ್ನೇ ಕೊಟ್ಟೆ. ರೇಷ್ಮೆ ಇಲಾಖೆಯಲ್ಲಿ ಅವರು ದುಡಿದದ್ದಕ್ಕೆ ನನಗೆ ಬರುವ ಪಿಂಚಣಿ. ನಾನು ಬದುಕಿದ್ದೇನೆ ಎಂದು ಪ್ರತಿ ನವೆಂಬರಿನಲ್ಲೂ ಅದರಲ್ಲೇ ತೋರಿಸಬೇಕಲ್ಲ, ಎರಡೂ ಕೆಲಸ ಒಟ್ಟಿಗೆ ಆಗಲಿ ಎಂದುಕೊಂಡೆ. ಕೇಂದ್ರದ ದೇವೇಂದ್ರ ಮಿಷಿನ್ನಿನ ಮೇಲೆ ಹೆಬ್ಬೆಟ್ಟು ಒತ್ತಿಸಿದ, ತೋರುಬೆರಳು ಒತ್ತಿಸಿದ, ಊಹೂಂ. “ಅಜ್ಜಿ, ನಿಮ್ ಬೆರಳಲ್ಲಿ ಗೆರೇನೇ ಇಲ್ವಲ್ಲ!” ಎಂದ. “ಬಿಸಿನೀರಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗ್ದಿರೋ ಕೈ ಕಣಪ್ಪಾ, ಗೆರೆಯೆಲ್ಲಾ ಯಾರ್ದೋ ಸೀರೆಗೆ ಹೋಗವೆ” ಎಂದೆ. ಹಿಂದೆ ನಿಂತಿದ್ದ ನಮ್ಮ ಬೀದಿಯ ಬೈರಣ್ಣ ಬಿಡಬೇಕಲ್ಲ! “ಹಂಗಾದ್ರೆ ಆ ಸೀರೇನೇ ತಂದು ಒತ್ಬಿಡಕ್ಕಾ” ಎಂದು ಸಾಲಿನವರನ್ನೆಲ್ಲ ನಗಿಸಿದ. ಅಂತೂ ನಂಬರಿನ ಕೆಲಸ ಹಾಗೇ ಉಳಿಯಿತು. ಬೇಜಾರು ಮಾಡಿಕೊಳ್ಳಬೇಡ.

ಅಲ್ಲಿ ಖಾತೆಯೊಳಗೆ ಹೋಗಲು ಓಟಿಪಿ ನಿನಗೇ ಬಂತಲ್ಲ, ವಾರ್ಡಿನಿಂದಲೇ ನೀನು ಫೋನ್ ಮಾಡಿದೆ. “ಅಮ್ಮಾ, ಬರ್ಕೋ” ಎಂದು ನೀನು ನಂಬರು ಹೇಳುವುದು ಈಗಲೂ ಮಗ್ಗಿಯ ರಾಗದಲ್ಲೇ. ಚಿಕ್ಕವಳಿದ್ದಾಗ ನಮ್ಮ ಜಗಲಿಯ ಮೇಲೆ ಕಾಲು ಆಡಿಸುತ್ತಾ ಹೇಳುತ್ತಿದ್ದೆಯಲ್ಲ, ಹಾಗೆಯೇ. ಸರಿಯಾಗಿ ಕೇಳಿಸಲಿಲ್ಲ, ಇನ್ನೊಂದು ಸಲ ಹೇಳು ಎಂದೆ. ನೀನು ಮತ್ತೆ ಹೇಳಿದೆ. “ಇಡ್ತೀನಮ್ಮಾ, ಪೇಶೆಂಟ್ ಕಾಯ್ತಿದಾರೆ” ಎಂದೆ ನೀನು. ನಿಜ ಹೇಳುತ್ತೇನೆ, ಮೊದಲ ಸಲವೇ ಕೇಳಿಸಿತ್ತು.

ಹಿತ್ತಿಲಿನ ಚಕ್ಕೋತ ಹಣ್ಣಾಗಿದೆ. ಬೈರಣ್ಣನ ಮನೆಯವರು ಕೇಳಿದರು, ಕೆಳಗಿನ ಕೊಂಬೆಯದು ಮಾತ್ರ ಕೊಟ್ಟೆ. ನಿನ್ನ ಕೈಗೆ ಎಟುಕುವ ಮೇಲಿನ ಕೊಂಬೆ ಹಾಗೇ ಇದೆ.

ನಿಮ್ಮ ಮೂವರ ಮೈ ಗಟ್ಟಿಯಾಗಿರಲಿ, ನಿನ್ನ ಕೈಗುಣ ಹೆಚ್ಚಲಿ.

ನಿನ್ನ ಅಮ್ಮ,
ಪಿಳ್ಳಮ್ಮ

ತಾ.ಕ.: ಬೆರಳು ಹತ್ತಲೇ ಇಲ್ಲ ಎಂದುಕೊಳ್ಳಬೇಡ. ದೇವೇಂದ್ರ ಕೊಬ್ಬರಿ ಎಣ್ಣೆ ಸವರಿ ಎಡಗೈಯ ಕಿರುಬೆರಳು ಒತ್ತಿಸಿದ, ಹತ್ತಿತು. ಪಾಪ, ಆ ಬೆರಳು ಬಿಸಿನೀರಿಗೆ ಇಳಿದದ್ದು ಕಡಿಮೆ. ಈ ವರ್ಷಕ್ಕೂ ನಾನು ಬದುಕಿದ್ದೇನೆ ಎಂದು ಸರ್ಕಾರ ಒಪ್ಪಿಕೊಂಡಿತು. “ನಂಬರ್ ಬದ್ಲಾಯಿಸ್ಲಾ ಅಜ್ಜಿ?” ಎಂದು ಕೇಳಿದಾಗ ಬೇಡ ಎಂದವಳು ನಾನೇ. ಓಟಿಪಿ ನನ್ನ ಫೋನಿಗೇ ಬಂದರೆ ನೀನು ಯಾಕೆ ಫೋನ್ ಮಾಡುತ್ತೀಯ ಮಗಳೇ? ಹೇಳುವುದಕ್ಕೆ ಯಾವ ನಂಬರೂ ಇಲ್ಲದ ದಿನ ಒಂದು ಸಲ ಮಾಡು, ಮಾರನೆಯ ದಿನವೇ ಹೋಗಿ ಬದಲಾಯಿಸಿಕೊಂಡು ಬರುತ್ತೇನೆ. ಬಿಡುವಿಲ್ಲದಿದ್ದರೆ ನಾಲ್ಕೇ ಸಾಲು ಸಾಕು, ಬೇಗ ಬರೆ.