ಸೋಮವಾರದ ಬಾಚಣಿಗೆ

ಶಾಲಾ ಶುಚಿತ್ವ ತಪಾಸಣೆಯ ಮುಖ್ಯಾಧಿಕಾರಿಗಳೇ,

ನಿಮ್ಮ ಬಾಚಣಿಗೆಯನ್ನು ನನ್ನ ಮೊಮ್ಮಗಳ ತಲೆಯಿಂದ ತೆಗೆಯಿರಿ. ‘ಮಾನ್ಯರೇ’ ಎಂದು ಶುರುಮಾಡಿ ಮೂರು ಅರ್ಜಿ ಬರೆದಾಯಿತು. ಒಂದಕ್ಕೂ ಉತ್ತರವಿಲ್ಲ. ಅದಕ್ಕೇ ಈ ಸಲ ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಈ ವರ್ಷ ನಿಮ್ಮ ಕಚೇರಿ ಪ್ರತಿ ಶಾಲೆಗೂ ಒಂದು ಸುತ್ತೋಲೆ ಕಳಿಸಿದೆ, ಜೊತೆಗೆ ತರಗತಿಗೊಂದು ಸಣ್ಣ ಹಲ್ಲಿನ ಬಾಚಣಿಗೆ. ಸೋಮವಾರ ಬೆಳಿಗ್ಗೆ ಮಕ್ಕಳು ಸಾಲಾಗಿ ನಿಲ್ಲಬೇಕು. ಟೀಚರು ಹಣೆಯಿಂದ ಕುತ್ತಿಗೆಯವರೆಗೆ ಬಾಚಣಿಗೆ ಎಳೆಯುತ್ತಾರೆ. ಸಲೀಸಾಗಿ ಹೋದರೆ ಪುಸ್ತಕದಲ್ಲಿ ನೀಲಿ ಗುರುತು. ನಿಂತರೆ ಕೆಂಪು ಸುತ್ತು, ಪಕ್ಕದಲ್ಲಿ ‘ತಲೆ ಬಾಚಿಲ್ಲ’ ಎಂಬ ಷರಾ. ಶುಚಿತ್ವದ ಹೆಸರಿನಲ್ಲಿ ಒಂದೇ ಬಾಚಣಿಗೆ ಮೂವತ್ತೆಂಟು ತಲೆ ಸುತ್ತುತ್ತದೆ. ಹೇನುಗಳಿಗೆ ಇಷ್ಟು ಒಳ್ಳೆಯ ಸಾರಿಗೆ ವ್ಯವಸ್ಥೆಯನ್ನು ಹಿಂದೆ ಯಾವ ಕಚೇರಿಯೂ ಒದಗಿಸಿರಲಿಲ್ಲ. ಅಭಿನಂದನೆಗಳು.

ನನ್ನ ಮೊಮ್ಮಗಳಿಗೆ ಆರು ವರ್ಷ, ಒಂದನೇ ತರಗತಿ. ಹುಟ್ಟಿದಾಗ ಅಂಗಿ ಗುಂಡಿಯಷ್ಟಿದ್ದಳೆಂದು ಮನೆಯಲ್ಲಿ ಗುಂಡಿ ಎನ್ನುತ್ತೇವೆ. ಅವಳದು ಬಿಗಿ ಸುರುಳಿಯ ಕೂದಲು. ಎಳೆದರೆ ಭುಜ ಮುಟ್ಟುತ್ತದೆ, ಬಿಟ್ಟರೆ ಕಿವಿಯ ಮೇಲೆ ಹೋಗಿ ಕೂರುತ್ತದೆ. ಭಾನುವಾರ ಮಧ್ಯಾಹ್ನ ನಾನು ಗೋಡೆಗೊರಗಿ ಕೂತು ಅವಳನ್ನು ಮುಂದೆ ಕೂರಿಸಿಕೊಳ್ಳುತ್ತೇನೆ. ತಲೆ ಒದ್ದೆ ಮಾಡಿ, ಕಂಡೀಷನರ್ ಹಚ್ಚಿ, ಎಂಟು ಭಾಗ ಮಾಡಿ ಕ್ಲಿಪ್ಪು ಹಾಕುತ್ತೇನೆ. ಮೊದಲು ಬೆರಳು, ಆಮೇಲೆ ಅಗಲ ಹಲ್ಲಿನ ಬಾಚಣಿಗೆ. ತುದಿಯಿಂದ ಬಿಡಿಸುತ್ತಾ ಬುಡಕ್ಕೆ ಹೋಗಬೇಕು. ಬುಡದಿಂದ ಎಳೆದರೆ ತುಂಡಾಗುತ್ತದೆ. ಒರೆಸಲು ಟವೆಲು ಕೂಡದು, ಹಳೆಯ ಹತ್ತಿ ಬನಿಯನ್ನೇ ಆಗಬೇಕು. ಮಲಗುವಾಗ ಕೂದಲು ದಿಂಬಿಗೆ ಉಜ್ಜಬಾರದೆಂದು, ಹೊಲಿಗೆಯಲ್ಲಿ ಉಳಿದ ಸ್ಯಾಟಿನ್ ಅಸ್ತರಿನಲ್ಲಿ ದಿಂಬಿನ ಚೀಲ ಹೊಲಿದುಕೊಟ್ಟಿದ್ದೇನೆ. ಎರಡೂವರೆ ಗಂಟೆಯ ಕೆಲಸ. ಸೋಮವಾರ ಒಂಬತ್ತೂಕಾಲಿಗೆ ನಿಮ್ಮ ಬಾಚಣಿಗೆ ಅದನ್ನು ಅರ್ಧ ನಿಮಿಷದಲ್ಲಿ ಕಿತ್ತುಹಾಕಿ, ‘ತಲೆ ಬಾಚಿಲ್ಲ’ ಎಂದು ಬರೆಸುತ್ತದೆ. ಐದು ಸೋಮವಾರ, ಐದು ಕೆಂಪು ಸುತ್ತು. ಕುಣಿಯಲಾರದವಳು ಅಂಗಳ ಡೊಂಕು ಎಂದಳಂತೆ. ಬಾಚಲಾರದ ಬಾಚಣಿಗೆ ಇನ್ನೇನು ಹೇಳೀತು?

ಶಾಲೆಗೆ ಹೋಗಿ ಕೇಳಿದೆ. ದೊಡ್ಡ ಟೀಚರು ಒಳ್ಳೆಯವರು, ಕುರ್ಚಿ ಕೊಟ್ಟರು. “ಏನ್ಮಾಡೋದಮ್ಮಾ, ಮೇಲಿಂದ ಬಂದಿದೆ” ಎಂದರು.

“ಅವಳ ಕೂದಲೂ ಮೇಲಿಂದಲೇ ಬಂದಿರೋದು ಕಣಮ್ಮಾ. ನಿಮಗೆ ಬಂದಿರೋದು ಬರೀ ಕಾಗದ” ಎಂದೆ. ನಕ್ಕರು. ಮುಂದಿನ ಸೋಮವಾರ ಕೆಂಪು ಸುತ್ತು ಹಾಕಿದರು.

ನಿಮ್ಮ ಕಚೇರಿಗೂ ಬಂದೆ. ಕಿಟಕಿಯ ಹಿಂದಿನ ಗುಮಾಸ್ತರು ನನ್ನ ಅರ್ಜಿಯನ್ನು ತಿರುವಿ ಹಾಕಿ, “ಅಜ್ಜೀ, ಇಷ್ಟಕ್ಕೆಲ್ಲ ಯಾಕೆ ಓಡಾಡ್ತೀರಿ? ನೆಟ್ಟಗೆ ಮಾಡಿಸಿಬಿಡಿ, ಇಲ್ಲಾ ಬೋಳಿಸಿಬಿಡಿ. ಚಿಕ್ಕ ಮಗು, ಬೆಳೆಯುತ್ತೆ” ಎಂದರು. ನೆಗಡಿ ಬಂತೆಂದು ಮೂಗು ಕೊಯ್ಯಿಸಿಕೊಳ್ಳುವ ಉಪಾಯ. ಇಲ್ಲಿ ನೆಗಡಿಯೂ ಬಂದಿಲ್ಲ.

ಸ್ವಾಮಿ, ನಾನು ಹೈಸ್ಕೂಲಿನವರೆಗೆ ಓದಿದ ದರ್ಜಿ. ಮೂವತ್ತನಾಲ್ಕು ವರ್ಷ ಇದೇ ಊರಿನ ಮಕ್ಕಳಿಗೆ ಸಮವಸ್ತ್ರ ಹೊಲಿದಿದ್ದೇನೆ. ಬಣ್ಣ ಒಂದೇ, ಬಟ್ಟೆ ಒಂದೇ. ಆದರೂ ಟೇಪು ಹಿಡಿದು ಒಬ್ಬೊಬ್ಬರದೂ ಬೇರೆ ಅಳತೆ ತೆಗೆದುಕೊಂಡಿದ್ದೇನೆ. ತೋಳು ಬಿಗಿಯಾದರೆ ಅಂಗಿಯನ್ನು ಬಿಚ್ಚಿ ಹೊಲಿದೆನೇ ಹೊರತು, ಮಗುವಿನ ತೋಳನ್ನು ಕತ್ತರಿಸಲಿಲ್ಲ. ಇಷ್ಟು ಸಣ್ಣ ವಿಷಯ ತಿಳಿಯಲು ಯಾವ ಪದವಿ ಬೇಕು?

ಹಾಗೆಂದು ನಾನೇನು ಹುಟ್ಟಿನಿಂದ ಬುದ್ಧಿವಂತೆಯಲ್ಲ. ಇದನ್ನು ಹೇಳಲು ನನಗೆ ಇಷ್ಟವಿಲ್ಲ, ಹೇಳದಿದ್ದರೆ ಪತ್ರ ಸುಳ್ಳಾಗುತ್ತದೆ. ಈ ಕೂದಲು ನನ್ನ ಅತ್ತೆಯದು. ಅವರಿಂದ ನನ್ನ ಮಗಳಿಗೆ ಬಂತು, ಮಗಳಿಂದ ಗುಂಡಿಗೆ. ನನ್ನದು ನೇರ ಕೂದಲು. ಮಗಳು ಚಿಕ್ಕವಳಿದ್ದಾಗ ಒಣ ತಲೆಗೇ ಸಣ್ಣ ಬಾಚಣಿಗೆ ಹಾಕಿ ಎಳೆಯುತ್ತಿದ್ದೆ. ಅತ್ತರೆ ಅದೇ ಬಾಚಣಿಗೆಯ ಬೆನ್ನಿನಿಂದ ಒಂದು ಕೊಡುತ್ತಿದ್ದೆ. ಅತ್ತೆಯ ಮೇಲಿನ ಸಿಟ್ಟನ್ನೂ ಆ ತಲೆಯ ಮೇಲೇ ತೀರಿಸಿಕೊಂಡೆನೋ ಏನೋ. ಅವಳಿಗೆ ಒಂಬತ್ತು ವರ್ಷವಿದ್ದಾಗ ಮನೆಗೆ ನೆಂಟರು ಬರುವವರಿದ್ದರು. ಬಾಚಿ ಬಾಚಿ ಸಾಕಾಗಿ, ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ತಂದು ಎಲ್ಲವನ್ನೂ ಕತ್ತರಿಸಿಬಿಟ್ಟೆ. ಅವಳು ಅಳಲಿಲ್ಲ. ಆವತ್ತಿನಿಂದ ಕೂದಲು ಬೆಳೆಸಲೂ ಇಲ್ಲ. ಈಗ ಬಸ್ಸು ಓಡಿಸುತ್ತಾಳೆ; ಇವತ್ತಿಗೂ ಗಂಡುಮಕ್ಕಳ ಹಾಗೆ ಕ್ರಾಪು.

ಗುಂಡಿ ಹುಟ್ಟಿದಾಗ, “ಅಮ್ಮಾ, ಎತ್ಕೋ, ಆಡ್ಸು. ತಲೆ ಮಾತ್ರ ಮುಟ್ಟಬೇಡ” ಎಂದಳು. ಎರಡು ವರ್ಷ ಮುಟ್ಟಲಿಲ್ಲ. ಆಮೇಲೆ ಅವಳಿಗೆ ಬೆಳಗಿನ ಪಾಳಿ ಬಂತು, ಬೇರೆ ದಾರಿ ಇರಲಿಲ್ಲ. ನನ್ನ ಹಿಂದೆ ಕೂತು, ನನ್ನ ಕೈಮೇಲೆ ಕೈಯಿಟ್ಟು ಕಲಿಸಿದಳು. “ಮೆತ್ತಗೆ ಅಮ್ಮಾ, ಇದು ಹೊಲಿಗೆ ಬಿಚ್ಚೋದಲ್ಲ.” ಯಾರ ಮಾತನ್ನೂ ಕೇಳಿದವಳಲ್ಲ ನಾನು. ಆವತ್ತು ಕೇಳಿದೆ.

ಈಗ ಹೋದ ಭಾನುವಾರದ ವಿಷಯ. ತಲೆ ತೊಳೆಯಲು ಕರೆದರೆ ಗುಂಡಿ ಹೊಲಿಗೆ ಯಂತ್ರದ ಕೆಳಗಿಂದ ಎದ್ದು ಬಂದಳು. ಹಣೆಯ ಮೇಲಿನ ಒಂದು ಹಿಡಿ ಕೂದಲು ಬುಡದವರೆಗೆ ಇರಲಿಲ್ಲ. ಕೈಯಲ್ಲಿ ಪೆನ್ಸಿಲ್ ಡಬ್ಬಿ. ತೆರೆದು ತೋರಿಸಿದಳು: ಒಳಗೆ ರಬ್ಬರಿನ ಪಕ್ಕ ಸುರುಳಿಗಳು. “ಬಾಚಣಿಗೆ ಇಲ್ಲೇ ನಿಲ್ತಿತ್ತು ಅಜ್ಜೀ. ತೆಗೆದ್ಬಿಟ್ಟೆ. ನಾಳೆ ಹೋಗುತ್ತೆ.”

ಅಷ್ಟು ಹೊತ್ತಿಗೆ ಮಗಳು ಕೆಲಸದಿಂದ ಬಂದಳು. ಮಗುವಿನ ಹಣೆ ನೋಡಿದಳು, ಮೇಜಿನ ಮೇಲಿದ್ದ ಕತ್ತರಿ ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

“ಅಮ್ಮಾ, ನೀನಾ?”

ನಾನು ಬಾಯಿ ತೆರೆಯುವ ಮೊದಲೇ ಗುಂಡಿ, “ಅಜ್ಜಿ ಅಲ್ಲ, ನಾನೇ” ಎಂದಳು. ಮಗಳು ಆಮೇಲೆ “ತಪ್ಪಾಯ್ತಮ್ಮಾ” ಎಂದಳು. ಅವಳದೇನು ತಪ್ಪು? ನಾಲ್ಕು ವರ್ಷ ಒಂದೊಂದೇ ಸಿಕ್ಕು ಬಿಡಿಸಿ ಅವಳ ನಂಬಿಕೆ ಗಳಿಸಿದ್ದೆ. ನಿಮ್ಮ ಸುತ್ತೋಲೆ ಅದನ್ನು ಒಂದು ಮಾತಿನಲ್ಲಿ ಹಳೆಯ ಜಾಗಕ್ಕೆ ತಂದು ನಿಲ್ಲಿಸಿತು. ಸೋಮವಾರ ಬಾಚಣಿಗೆ ಮತ್ತೆ ನಿಂತಿತು, ಎರಡು ಬೆರಳಿನಷ್ಟು ಹಿಂದೆ. ಇನ್ನೆಷ್ಟು ಕತ್ತರಿಸಬೇಕೆಂದು ಮಗು ನನ್ನನ್ನು ಕೇಳುತ್ತಿದೆ. ನೀವೇ ಹೇಳಿ.

ನನಗೆ ವಯಸ್ಸಾಗಿದೆ, ನಿಮ್ಮ ಮೆಟ್ಟಿಲು ಹತ್ತಿ ಸಾಕಾಗಿದೆ. ಕೇಳುವುದು ಎರಡೇ. ಆ ಬಾಚಣಿಗೆಗಳನ್ನೂ ಸುತ್ತೋಲೆಯನ್ನೂ ವಾಪಸು ತರಿಸಿಕೊಳ್ಳಿ. ಮತ್ತು ನನ್ನ ಮೊಮ್ಮಗಳಿಗೆ ಒಂದು ಕಾಗದ ಬರೆಯಿರಿ: ‘ನಿನ್ನ ಕೂದಲಿನದು ತಪ್ಪಿಲ್ಲ, ತಪ್ಪು ನಮ್ಮದು’ ಎಂದು. ದೊಡ್ಡ ಅಕ್ಷರದಲ್ಲಿ ಬರೆಯಿರಿ, ಅವಳು ಈಗಷ್ಟೇ ಓದಲು ಕಲಿಯುತ್ತಿದ್ದಾಳೆ. ನಾನು ಓದಿ ಹೇಳುವುದಿಲ್ಲ. ನನ್ನ ಬಾಯಿಂದ ಕೇಳಿದರೆ ಅಜ್ಜಿ ಸಮಾಧಾನಕ್ಕೆ ಹೇಳುತ್ತಿದ್ದಾಳೆ ಅಂದುಕೊಳ್ಳುತ್ತಾಳೆ. ಕೆಂಪು ಶಾಯಿಯವರೇ ಹೇಳಬೇಕು.

ಅಲ್ಲಿಯವರೆಗೆ ಸೋಮವಾರ ಅವಳು ಶಾಲೆಗೆ ಬರುವುದಿಲ್ಲ. ಬೇಕಾದರೆ ಅದಕ್ಕೂ ಒಂದು ಸುತ್ತು ಹಾಕಿಕೊಳ್ಳಿ.

ಇಂತಿ,
ಮನೆಯ ಕತ್ತರಿಗಳನ್ನೆಲ್ಲ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ,
ಒಂದೊಂದು ನೂಲು ಕತ್ತರಿಸಲೂ ಬೀಗ ತೆಗೆಯುತ್ತಿರುವ
ಒಬ್ಬಳು ದರ್ಜಿ, ಗುಂಡಿಯ ಅಜ್ಜಿ